ಸುತ್ತುಬೀದಿ ಇಲ್ಲದ ತಲೆ

ನಮ್ಮೂರಿನಲ್ಲಿ ಮದುವೆಗೆ ಜಾತಕ ನೋಡುವುದಿಲ್ಲ, ತಲೆಬಟ್ಟೆ ನೋಡುತ್ತಾರೆ. ಗಂಡು ಹೆಣ್ಣು ಇಬ್ಬರೂ ಊರ ಪಡುವಣ ದಿಕ್ಕಿನ ಕೊಳಕ್ಕೆ ಹೋಗಿ ಮೂರು ಮುಳುಗು ಹಾಕಬೇಕು. ಕೊಳದ ಮನೆಯ ತಿಪ್ಪಕ್ಕಜ್ಜಿ ಒದ್ದೆ ತಲೆಗೆ ಒಂದು ಕೋರಾ ಬಟ್ಟೆಯನ್ನು ಬಿಗಿಯಾಗಿ ಸುತ್ತುತ್ತಾಳೆ. ಎಲೆ ಅಡಿಕೆ ಅಗಿದು ಮುಗಿಸುವಷ್ಟು ಹೊತ್ತು ಕೂತರೆ ಸಾಕು. ಆಮೇಲೆ ಬಿಚ್ಚಿ ಹಗ್ಗದ ಮೇಲೆ ಹರವಿದರೆ, ಒಣಗುತ್ತ ಬಂದ ಹಾಗೆ ತಲೆಯೊಳಗಿನ ಬೀದಿಗಳೆಲ್ಲ ತೆಳುಗಂದು ಬಣ್ಣದಲ್ಲಿ ಬಟ್ಟೆಯ ಮೇಲೆ ಮೂಡಿ ನಿಲ್ಲುತ್ತವೆ. ಹಣೆಯ ಹಿಂದೆ ದೊಡ್ಡ ಬೀದಿಗಳು, ಕಿವಿಗಳ ಹತ್ತಿರ ಸಂದಿಗೊಂದಿಗಳು, ನಟ್ಟ ನಡುವೆ ಒಂದೆರಡು ಚೌಕ. ಹಾಡುವವರ ಬಟ್ಟೆಯಲ್ಲಿ ಕಿವಿಯ ಪಕ್ಕ ಓಣಿ ಜಾಸ್ತಿ ಇರುತ್ತವೆ ಎನ್ನುತ್ತಾರೆ. ನಾನು ಎಣಿಸಿಲ್ಲ. ಎಣಿಸಲು ಕೂತರೆ ನಾನು ಅಲ್ಲಿಂದ ಏಳುವ ಆಸಾಮಿಯಲ್ಲ.

ಕೆಲವರ ಬಟ್ಟೆಯಲ್ಲಿ ಮಾತ್ರ ಒಂದು ವಿಶೇಷವಿರುತ್ತದೆ. ಹಣೆಯ ಹಿಂದಿನಿಂದ ಹೊರಟ ಬೀದಿಯೊಂದು ನಡುಮಧ್ಯದ ಚೌಕಕ್ಕೆ ಇಳಿದು, ಅಲ್ಲಿಂದ ಬೇರೆಲ್ಲಿಗೂ ಹೋಗದೆ, ತಿರುಗಿ ಹಣೆಗೇ ಬಂದು ಸೇರುತ್ತದೆ. ಅದು ಸುತ್ತುಬೀದಿ. ಆ ಬೀದಿಗೆ ಇಳಿದ ಯೋಚನೆಗೆ ಹೊರಬರಲು ದಾರಿಯೇ ಇಲ್ಲವೆಂದು ಊರಿನ ನಂಬಿಕೆ. ಬೀಗ ಹಾಕಿದೆನೇ? ಹಾಕಿದೆ. ಹಾಕಿದೆನೇ? ಹಾಕಿದೆ. ಹೀಗೆ ದಿನವಿಡೀ ಸುತ್ತುವವರನ್ನು ಸುತ್ತಿನವರು ಎಂದು ಕರೆಯುತ್ತಾರೆ. ಅವರಿಗೆ ನಮ್ಮೂರು ಎಂದೂ ಕಾಟ ಕೊಟ್ಟಿಲ್ಲ, ಅದನ್ನು ಹೇಳಲೇಬೇಕು. ಸುತ್ತಿನವರ ಮನೆ ಬಾಗಿಲ ಪಕ್ಕ ಊರಿನ ಖರ್ಚಿನಲ್ಲಿ ಒಂದು ಕಲ್ಲಿನ ಕಟ್ಟೆ ಕಟ್ಟಿಸಿಕೊಡುತ್ತಾರೆ. ಜೊತೆಗೆ ಹೊರಟವರು, ಒಳಗಿನವರು ಬೀಗ ಜಗ್ಗಿ ಮುಗಿಸುವ ತನಕ ಅದರ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಾರೆ. ಬಸ್ಸಿನವನು ಬೈಯದೆ ಕಾಯುತ್ತಾನೆ. ಅಂಚೆ ಕಚೇರಿಯಲ್ಲಿ ಡಬ್ಬಿಗೆ ಹಾಕಿದ ಕಾಗದವನ್ನು ಮತ್ತೆ ತೆಗೆಸಿ ವಿಳಾಸ ನೋಡಿಕೊಳ್ಳಲು ಸುತ್ತಿನವರಿಗೆಂದೇ ಬೆಳಗಿನ ಹೊತ್ತು ಅರ್ಧ ಗಂಟೆ ಬಿಟ್ಟಿದ್ದಾರೆ. ಒಂದೇ ಒಂದು ನಿರ್ಬಂಧ: ಸುತ್ತಿನವರು ಸುತ್ತಿನವರನ್ನು ಮದುವೆಯಾಗುವಂತಿಲ್ಲ. ಇಬ್ಬರೂ ಬಾಗಿಲಲ್ಲೇ ನಿಂತರೆ ಅನ್ನ ಮಾಡುವವರು ಯಾರು ಎಂದು ಹಿರಿಯರು ಕೇಳುತ್ತಾರೆ.

ನಾನು ಸುತ್ತಿನವನೆಂದು ಹೇಳಲು ಯಾರಿಗೂ ಬಟ್ಟೆ ಬೇಕಿರಲಿಲ್ಲ. ನನ್ನ ಹೆಸರು ಹಾಲೇಶ, ಕಸುಬು ಒಲೆ ರಿಪೇರಿ. ಪಂಪ್ ಸ್ಟೌ, ಬತ್ತಿ ಸ್ಟೌ, ಗ್ಯಾಸ್ ಒಲೆ, ಯಾವುದಾದರೂ ಸರಿ. ರಿಪೇರಿ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಸುತ್ತ ಹತ್ತೂರಲ್ಲಿ ಇರಲಿಲ್ಲ. ತೊಂದರೆ ಇದ್ದದ್ದು ಆಮೇಲೆ. ಒಲೆ ಕೊಟ್ಟು ಮನೆಗೆ ಬಂದು ಕೈತೊಳೆದುಕೊಳ್ಳುವಷ್ಟರಲ್ಲಿ, ಆ ನಳಿಕೆಯ ತಿರುಪು ಪೂರ್ತಿ ಬಿಗಿದೆನೇ ಎಂಬ ಪ್ರಶ್ನೆ ಏಳುತ್ತಿತ್ತು. ಬಿಗಿದದ್ದು ನೆನಪಿದೆ. ಆದರೂ ಆ ಮನೆ ಹೊತ್ತಿ ಉರಿಯುವುದು ಕಣ್ಣ ಮುಂದೆ ಬರುತ್ತಿತ್ತು. ಅಲ್ಲಿನ ಮುದುಕಿ, ಮಗು, ಕಟ್ಟಿಹಾಕಿದ ಎಮ್ಮೆ, ಎಲ್ಲ. ಚಪ್ಪಲಿ ಮೆಟ್ಟಿ ಮತ್ತೆ ಓಡುತ್ತಿದ್ದೆ. ಹೊರಗಿನವರಿಗೆ ತಮಾಷೆ. ನನಗೆ ಒಂದು ದಿನವೂ ತಮಾಷೆಯಾಗಿರಲಿಲ್ಲ.

ಒಂದು ಸಮಾಧಾನವಿತ್ತು. ನನ್ನ ತಪ್ಪೇನಿದೆ, ನನ್ನ ಬೀದಿಯೇ ಹಾಗೆ ಎಂದುಕೊಳ್ಳುತ್ತಿದ್ದೆ. ಇಪ್ಪತ್ತು ವರ್ಷ ಆ ಮಾತನ್ನು ದಿಂಬಿನ ಹಾಗೆ ತಲೆಯ ಕೆಳಗಿಟ್ಟುಕೊಂಡು ಮಲಗಿದ್ದೇನೆ.

ಮೂವತ್ತೆಂಟನೆಯ ವಯಸ್ಸಿನಲ್ಲಿ ದಾಕ್ಷಾಯಿಣಿಯ ಖಾನಾವಳಿಯ ಒಲೆ ಕೆಟ್ಟಿತು. ಅವಳು ನನಗಿಂತ ಎರಡು ವರ್ಷ ಚಿಕ್ಕವಳು, ಮದುವೆಯಾಗಿರಲಿಲ್ಲ. ಬಾಯ್ತುಂಬ ನಗು, ಕೈತುಂಬ ಹಿಟ್ಟು. ಮನೆ ಬಾಗಿಲು ಹಾಕಿಕೊಳ್ಳುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಬೀದಿನಾಯಿ ಎರಡು ಸಲ ಒಳಗೆ ಬಂದು ಬುಟ್ಟಿಯ ರೊಟ್ಟಿ ಎತ್ತಿಕೊಂಡು ಹೋಗಿತ್ತು. ಉಪ್ಪು ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂದರೆ ಊಟಕ್ಕೆ ಕೂತವರನ್ನೇ ಕೇಳುತ್ತಿದ್ದಳು. ಆ ಒಲೆ ರಿಪೇರಿ ಮಾಡಿ ಕೊಟ್ಟ ಮೇಲೆ ನಾನು ಒಂಬತ್ತು ಸಲ ವಾಪಸು ಹೋಗಿ ನೋಡಿದೆ. ಎಂಟಲ್ಲ, ಒಂಬತ್ತು. ಪ್ರತಿ ಸಲವೂ ಕಾಫಿ ಕೊಟ್ಟಳು.

ಒಂಬತ್ತನೆಯ ಸಲ ಲೋಟ ಕೈಗಿಟ್ಟು, "ರೀ ಹಾಲೇಶಪ್ಪನೋರೆ, ನೀವು ಒಲೆ ನೋಡಕ್ಕೆ ಬರ್ತೀರೋ, ನನ್ನ ನೋಡಕ್ಕೆ ಬರ್ತೀರೋ, ಒಂದು ತೀರ್ಮಾನ ಮಾಡ್ರಿ. ಒಲೆ ಆದ್ರೆ ಚೆನ್ನಾಗೈತೆ" ಎಂದಳು.

"ಮೊದಲ್ನೇ ನಾಲ್ಕು ಸಲ ಒಲೆಗೆ ಬಂದಿದ್ದೆ" ಎಂದೆ. ಸುಳ್ಳು ಹೇಳಲು ನನಗೆ ಬರುವುದಿಲ್ಲ.

ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕ ನಗುವಿಗೆ ಊಟ ಮಾಡುತ್ತಿದ್ದವರೆಲ್ಲ ತಿರುಗಿ ನೋಡಿದರು. ನನಗೆ ಅಂದೇ ನಿಶ್ಚಯವಾಯಿತು. ನಿಶ್ಚಯ ಎಂಬುದು ನನ್ನ ಬದುಕಿನಲ್ಲಿ ಅಪರೂಪದ ವಸ್ತು, ಅದಕ್ಕೇ ಹೇಳುತ್ತಿದ್ದೇನೆ.

ಅವಳ ಅಣ್ಣ ಬಸವಲಿಂಗಪ್ಪ ಮೋಜಣಿದಾರ. ಮೂವತ್ತು ವರ್ಷ ಹೊಲಗದ್ದೆ ಅಳೆದು ನಕ್ಷೆ ಬರೆದ ಮನುಷ್ಯ. ನಕ್ಷೆಯಲ್ಲಿ ಇದ್ದರೆ ದಾರಿ ಇದೆ, ನಕ್ಷೆಯಲ್ಲಿ ಇಲ್ಲವೆಂದರೆ ದಿನಾ ಎತ್ತಿನಗಾಡಿ ಓಡಾಡುತ್ತಿದ್ದರೂ ಅದು ದಾರಿಯಲ್ಲ ಎನ್ನುವ ಪೈಕಿ. ತಂದೆ ತಾಯಿ ಇಲ್ಲದ ಮನೆ, ಅವನೇ ಹಿರಿಯ. ಆದರೆ ನನ್ನ ಮೇಲೆ ಅವನಿಗೆ ಬೇಸರವೇನೂ ಇರಲಿಲ್ಲ. "ನೀನು ಸುತ್ತು, ಇವಳು ನೇರ. ಇದಕ್ಕಿಂತ ಒಳ್ಳೆ ಜೋಡಿ ಎಲ್ಲಿ ಸಿಗುತ್ತೆ? ನೀನು ಬಾಗಿಲು ಹಾಕು, ಅವಳು ರೊಟ್ಟಿ ತಟ್ಟಲಿ" ಎಂದು ಬೆನ್ನು ತಟ್ಟಿದ್ದ. ಬಟ್ಟೆ ನೋಡುವುದು ಶಾಸ್ತ್ರಕ್ಕಷ್ಟೇ ಎಂದು ಎಲ್ಲರೂ ತಿಳಿದಿದ್ದೆವು.

ಶಾಸ್ತ್ರದ ಪ್ರಕಾರ ಎರಡು ಬಟ್ಟೆಗಳನ್ನೂ ಹೆಣ್ಣಿನ ಮನೆಯ ಅಂಗಳದಲ್ಲಿ ಅಕ್ಕಪಕ್ಕ ತೂಗುಹಾಕುತ್ತಾರೆ. ಬೀದಿಯವರೆಲ್ಲ ಬಂದು ಮಂಡಕ್ಕಿ ತಿನ್ನುತ್ತ ನೋಡುತ್ತಾರೆ. ಬಸವಲಿಂಗಪ್ಪ ತನ್ನ ಭೂತಗನ್ನಡಿಯ ಗಾಜು, ಅಡಿಕೋಲು ತಂದಿದ್ದ. ಮೊದಲು ನನ್ನ ಬಟ್ಟೆಗೆ ಗಾಜು ಹಿಡಿದ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ಬಟ್ಟೆ ತಿರುಗಿಸಿ ಹಿಂಬದಿ ನೋಡಿದ. ಬೀದಿಗಳು ಹಣೆಯಿಂದ ಹೊರಟು ಚೌಕಕ್ಕೆ ಇಳಿದು, ಆಚೆ ಬದಿಗೆ ಸಲೀಸಾಗಿ ಹಾದು ಹೋಗಿದ್ದವು. ಸುತ್ತುಬೀದಿ ಇರಲಿಲ್ಲ. ಆಮೇಲೆ ದಾಕ್ಷಾಯಿಣಿಯ ಬಟ್ಟೆ. ಅದಕ್ಕೆ ಗಾಜು ಬೇಕಾಗಲಿಲ್ಲ, ಗೇಟಿನ ಹತ್ತಿರ ನಿಂತವರಿಗೂ ಕಾಣುತ್ತಿತ್ತು. ಹಣೆಯಿಂದ ಚೌಕಕ್ಕೆ, ಚೌಕದಿಂದ ಹಣೆಗೆ, ಬೆರಳು ದಪ್ಪದ ಸುತ್ತುಬೀದಿ.

ಮೊದಲು ಎಲ್ಲರೂ ನಕ್ಕರು. ಬಟ್ಟೆ ಅದಲುಬದಲಾಗಿದೆ ಎಂದರು. ಆದರೆ ಬಟ್ಟೆಯ ಮೂಲೆಯಲ್ಲಿ ಅಜ್ಜಿ ದಾರದಲ್ಲಿ ಹೆಸರು ಹೊಲಿದಿದ್ದಳು, ನಮ್ಮೆದುರೇ ಹೊಲಿದದ್ದು. ನಗು ನಿಂತಿತು.

"ಬೀದಿ ಇದ್ದು ಸುತ್ತೋನಿಗೆ ನಾನು ಏನೂ ಅನ್ನಲ್ಲ. ಪಾಪ, ಅವನ ದಾರಿನೇ ಹಂಗೈತೆ" ಎಂದ ಬಸವಲಿಂಗಪ್ಪ, ಗಾಜನ್ನು ಜೇಬಿಗೆ ಹಾಕಿಕೊಳ್ಳುತ್ತ. "ಬೀದಿ ಇಲ್ದೆ ಸುತ್ತೋನು ಬೇಕಂತ್ಲೇ ಸುತ್ತುತಾನೆ. ಇಪ್ಪತ್ತು ವರ್ಷ ಊರೋರನ್ನ ಕಟ್ಟೆ ಮೇಲೆ ಕೂರ್ಸಿದ್ಯಲ್ಲೋ ಹಾಲೇಶ. ನಾಟಕದೋನಿಗೆ ನನ್ನ ತಂಗಿನ ಕೊಡಲ್ಲ."

"ಅಣ್ಣ, ನನ್ನ ಬಟ್ಟೆ ಕಡೆ ನೋಡು. ಎಷ್ಟು ಚೆಂದ ಸುತ್ತೈತೆ!" ಎಂದಳು ದಾಕ್ಷಾಯಿಣಿ.

"ನೀನು ಸುಮ್ನಿರು. ನಿನಗೂ ಇವತ್ತೋ ನಾಳೆಯೋ ಶುರುವಾಗುತ್ತೆ."

"ಮೂವತ್ತಾರು ವರ್ಷ ಆತು. ಇನ್ನು ಯಾವಾಗ ಶುರುವಾಗದು? ಮುದುಕಿ ಆದ ಮೇಲಾ?"

ಅವಳಿಗೆ ಏನೂ ಆಗಿರಲಿಲ್ಲ, ನನಗೆ ಎಲ್ಲವೂ ಆಗಿತ್ತು. ಮದುವೆ ತಪ್ಪಿತು ಎಂಬುದು ಒಂದು. ಅದರ ಜೊತೆಗೆ ಆ ದಿಂಬೂ ಹೋಯಿತು. ಬೀದಿಯೇ ಇಲ್ಲವೆಂದಮೇಲೆ ನಾನು ಯಾಕೆ ಹೀಗೆ? ಬಸವಲಿಂಗಪ್ಪ ಹೇಳಿದ್ದೇ ನಿಜವಿರಬಹುದೇ? ಬೇಕೆಂದೇ ಮಾಡುತ್ತಿದ್ದೇನೆಯೇ? ಆ ವಾರ ನಾನು ಎಷ್ಟು ಕುಗ್ಗಿದೆನೆಂದರೆ, ಬೀಗ ಜಗ್ಗುವಾಗಲೂ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನಾಚಿಕೆಯಾಗತೊಡಗಿತು. ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಮತ್ತೆ ಮತ್ತೆ ತಿರುಗಿ ನೋಡತೊಡಗಿದೆ. ಒಂದು ಕೆಲಸ ಇದ್ದದ್ದು ಎರಡಾಯಿತು.

ಇಂಥ ಹೊತ್ತಿನಲ್ಲಿ ನನ್ನಂಥವನು ಏನು ಮಾಡುತ್ತಾನೋ ಅದನ್ನೇ ಮಾಡಿದೆ. ಕೊಳಕ್ಕೆ ಹೋಗಿ ಇನ್ನೊಂದು ಬಟ್ಟೆ ಹಾಕಿಸಿಕೊಂಡೆ. ಸುತ್ತುಬೀದಿ ಬರಲಿಲ್ಲ. ಮುಳುಗು ಸರಿಯಾಗಿ ಹಾಕಿರಲಿಲ್ಲವೇನೋ ಎಂದು ಮಾರನೆಯ ದಿನ ಮತ್ತೊಂದು. ಬಟ್ಟೆ ಸಡಿಲವಾಗಿತ್ತೇನೋ ಎಂದು ಮಗದೊಂದು. ಊರಲ್ಲಿ ಯಾರಾದರೂ ತನ್ನ ತಲೆಯಲ್ಲಿ ಸುತ್ತುಬೀದಿ ಇರಲಪ್ಪ ದೇವರೇ ಎಂದು ಬೇಡಿಕೊಂಡಿದ್ದರೆ ಅದು ನಾನೊಬ್ಬನೇ ಇರಬೇಕು. ಆರು ದಿನದಲ್ಲಿ ಆರು ಬಟ್ಟೆ, ಅಂಗಳದಲ್ಲಿ ತೂಗಿದ್ದೂ ಸೇರಿ ಏಳು. ಏಳೂ ಒಂದೇ ಅಚ್ಚು.

ಎಂಟನೆಯದಕ್ಕೆ ಹೋದಾಗ ತಿಪ್ಪಕ್ಕಜ್ಜಿ ಬಟ್ಟೆಯ ಗಂಟನ್ನು ಮಡಿಲಲ್ಲಿ ಅವಚಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಎಂಬತ್ತು ದಾಟಿದ ಜೀವ, ಕಡ್ಡಿಯಂಥ ಕೈಕಾಲು, ದನಿ ಮಾತ್ರ ಕೊಳದ ಆಚೆ ದಡಕ್ಕೆ ಕೇಳಬೇಕು.

"ಸಾಕು ಕಣಪ್ಪ! ನಿನ್ನ ತಲೆ ಒಗೆದೂ ಒಗೆದೂ ನನ್ನ ಬಟ್ಟೆ ಖಾಲಿ ಆಗ್ತಾ ಐತೆ. ಏನು ಬೇಕಾಗೈತೆ ನಿನಗೆ?"

"ಸುತ್ತುಬೀದಿ ಬೇಕು ಅಜ್ಜಿ" ಎಂದು ಹೇಳುವಾಗ ನನಗೆ ಅಳು ಬಂದುಬಿಟ್ಟಿತು. ಮೂವತ್ತೆಂಟು ವರ್ಷದ ಗಂಡಸು, ತಲೆಯಿಂದ ನೀರು ಸುರಿಯುತ್ತಿತ್ತು, ಕಣ್ಣಿಂದಲೂ ಸುರಿಯಿತು. "ಅದು ಇಲ್ಲ ಅಂದ್ರೆ ನಾನು ನಾಟಕದೋನು ಅಂತಾರೆ. ದಾಕ್ಷಾಯಿಣಿನ ಕೊಡಲ್ಲ ಅಂತಾರೆ."

ಅಜ್ಜಿ ಬಟ್ಟೆಯ ಗಂಟನ್ನು ಪಕ್ಕಕ್ಕಿಟ್ಟಳು. "ನಿನ್ನ ಮೋಜಣಿದಾರನ್ನ ನಾಳೆ ಬೆಳಿಗ್ಗೆ ಕರ್ಕಂಬಾ. ಗಾಜು, ಅಡಿಕೋಲು ಎಲ್ಲಾ ತರಬೇಕು ಅನ್ನು. ತಲೆಬಟ್ಟೆ ಓದಕ್ಕೆ ತಿಪ್ಪಕ್ಕಗೆ ಕಣ್ಣು ಕಾಣಲ್ವಂತೆ, ನೀವೇ ಬಂದು ಹೇಳಬೇಕಂತೆ ಅನ್ನು, ಬರ್ತಾನೆ" ಎಂದಳು.

ಬಂದ. ಹೊಗಳಿ ಕರೆದರೆ ಬಾರದವರು ಯಾರಿದ್ದಾರೆ. ಅಣ್ಣನ ಹಿಂದೆಯೇ ದಾಕ್ಷಾಯಿಣಿಯೂ ಬಂದಳು, ಖಾನಾವಳಿ ಬಾಗಿಲು ಹಾಗೇ ತೆರೆದಿಟ್ಟು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಅವರ ತಲೆಬಟ್ಟೆ ಕೊಳದ ಮನೆಗೆ ವಾಪಸು ಬರುತ್ತದೆ. ಅಂಥವು ಅಜ್ಜಿಯ ಟ್ರಂಕುಗಳಲ್ಲಿ ನೂರಾರಿದ್ದವು. ಅವುಗಳಲ್ಲಿ ಇಪ್ಪತ್ತನ್ನು ತೆಗೆದು, ಹೆಸರಿನ ಮೂಲೆಗಳನ್ನು ಒಳಕ್ಕೆ ಮಡಿಚಿ ಪಿನ್ನು ಹಾಕಿ, ಚಾಪೆಯ ಮೇಲೆ ಹರವಿದ್ದಳು.

"ಇದ್ರಾಗೆ ಬೀಗ ಜಗ್ಗೋರು ಯಾರು, ಕೈ ತೊಳೆದೂ ತೊಳೆದೂ ಚರ್ಮ ಸುಲ್ಕಂಡೋರು ಯಾರು, ಏನೂ ಇಲ್ದೆ ಆರಾಮಾಗಿ ಇದ್ದೋರು ಯಾರು? ಎರಡು ಗುಡ್ಡೆ ಮಾಡಪ್ಪ ನೋಡಣ."

ಬಸವಲಿಂಗಪ್ಪನಿಗೆ ಇದು ಎಡಗೈ ಕೆಲಸ. ಗಾಜು ಹಿಡಿದ, ಅಡಿಕೋಲಿಟ್ಟ, ಚೌಕಗಳ ಅಗಲ ಅಳೆದ. ಅರ್ಧ ಗಂಟೆಯಲ್ಲಿ ಏಳು ಬಟ್ಟೆ ಈ ಕಡೆ, ಹದಿಮೂರು ಆ ಕಡೆ. "ಈ ಏಳು ಸುತ್ತಿನವರದು. ಬರೆದು ಕೊಡ್ತೀನಿ" ಎಂದು ಎದ್ದು ನಿಂತ.

ಅಜ್ಜಿ ಒಂದೊಂದೇ ಪಿನ್ನು ಬಿಚ್ಚುತ್ತ ಹೋದಳು. ಏಳರಲ್ಲಿ ಮೂವರು ನಿಜಕ್ಕೂ ಸುತ್ತಿನವರಾಗಿದ್ದರು. ಇನ್ನು ಮೂವರು ಆರಾಮಾಗಿ ಉಂಡು ಮಲಗಿದವರು, ಅವರಲ್ಲೊಬ್ಬ ಊರಿಗೇ ಸೋಮಾರಿ ಎಂದು ಹೆಸರಾದವನು. ಆ ಕಡೆಯ ಹದಿಮೂರರಲ್ಲಿ ನಾಲ್ವರು ಸುತ್ತಿನವರು ಸಿಕ್ಕರು. ಅದರಲ್ಲಿ ಒಬ್ಬರು ಪೂಜೆಯ ತಂಬಿಗೆ ತೊಳೆಯುವುದರಲ್ಲೇ ದಿನ ಕಳೆದ ಅಯ್ಯನೋರು, ಅವರ ಬಟ್ಟೆ ನನ್ನದರಷ್ಟೇ ನೇರ. ಏಳರ ಗುಡ್ಡೆಯಲ್ಲಿ ಒಂದೇ ಬಟ್ಟೆ ಉಳಿಯಿತು, ಎಲ್ಲಕ್ಕಿಂತ ದಪ್ಪ ಸುತ್ತುಬೀದಿ ಇದ್ದದ್ದು.

"ಇದು ಗುರುಸಿದ್ದವ್ವಂದು" ಎಂದಳು ಅಜ್ಜಿ.

ಬಸವಲಿಂಗಪ್ಪ ಹಾಗೇ ಕೂತ. ಗುರುಸಿದ್ದವ್ವ ಅವನ ತಾಯಿ. ಒಲೆಯ ಮೇಲೆ ಹಾಲಿಟ್ಟು ಪಕ್ಕದ ಬೀದಿಗೆ ಹರಟೆಗೆ ಹೋಗುತ್ತಿದ್ದ ಹೆಂಗಸು, ಯಾವ ಭಯವೂ ಹತ್ತಿರ ಸುಳಿಯದವಳು.

"ನಿನ್ನನ್ನೇ ಒಂದ್ಸಲ ಸಂತೇಲಿ ಮರ್ತು ಮನೆಗೆ ಬಂದಿದ್ಳು" ಎಂದಳು ಅಜ್ಜಿ.

"ಎರಡು ಸಲ" ಎಂದ ಬಸವಲಿಂಗಪ್ಪ. ಬಟ್ಟೆಯನ್ನು ಎತ್ತಿಕೊಂಡು ಅದರ ಮೇಲೆ ಬೆರಳಾಡಿಸುತ್ತ ಕೂತ. ದಾಕ್ಷಾಯಿಣಿ ಪಕ್ಕಕ್ಕೆ ಬಂದು ಬಗ್ಗಿ ನೋಡಿ, "ನಂದೂ ಹಿಂಗೇ ಐತಲ್ಲ, ಅವ್ವಂದು ನನಗೆ ಬಂದೈತೆ" ಎಂದು ಸಂತೋಷಪಟ್ಟಳು.

"ಹಂಗಾರೆ ಬಟ್ಟೆ ಸುಳ್ಳಾ ಅಜ್ಜಿ?" ಎಂದು ನಾನು ಕೇಳಿದೆ.

"ಸುಳ್ಳು ಯಾಕಾಗುತ್ತೆ? ಅರವತ್ತು ವರ್ಷದಾಗೆ ಸಾವಿರ ಬಟ್ಟೆ ಹರವೀನಿ. ಸುತ್ತಿನೋರ್ದೆಲ್ಲ ಒಂದು ಕಡೆ ಹಾಕಿ, ಉಳಿದೋರ್ದು ಒಂದು ಕಡೆ ಹಾಕಿದ್ರೆ, ಸುತ್ತಿನೋರ ಗುಡ್ಡೇಲಿ ಆ ಬೀದಿ ಒಂಚೂರು ಜಾಸ್ತಿ. ನಡುವಿನ ಚೌಕ ಒಂದು ಜೋಳದ ಕಾಳಷ್ಟು ಹೆಚ್ಚುಕಮ್ಮಿ. ಅಷ್ಟೇಯ. ಒಂದೇ ಒಂದು ಬಟ್ಟೆ ಕೈಗೆ ಕೊಟ್ಟು ಇದ್ಯಾರು ಹೇಳು ಅಂದ್ರೆ ನಂಗೂ ಗೊತ್ತಾಗಲ್ಲ."

"ಇಷ್ಟು ವರ್ಷ ಯಾರಿಗೂ ಹೇಳ್ಲಿಲ್ವಲ್ಲ?"

"ಯಾರು ಕೇಳಿದ್ರು? ಎಲ್ರೂ ಬಂದ್ರು, ಅವರವರ ಬಟ್ಟೆ ನೋಡ್ಕಂಡ್ರು, ಹೋದ್ರು."

ಹಾಗಾದರೆ ನಾನು ಯಾಕೆ ಹೀಗೆ ಎಂದು ಕೇಳಿದೆ. ಅಜ್ಜಿ ಬಾಯಲ್ಲಿದ್ದ ಎಲೆಯನ್ನು ಆ ದವಡೆಯಿಂದ ಈ ದವಡೆಗೆ ಹಾಕಿಕೊಂಡು, "ಗೊತ್ತಿಲ್ಲ ಕಣಪ್ಪ" ಎಂದಳು. ಆ ಉತ್ತರ ಕೇಳಿ ನನಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಹಗುರವಾಯಿತು. ಯಾರೂ ನನ್ನ ತಲೆಯನ್ನು ಓದಿ ಮುಗಿಸಿಲ್ಲವೆಂದು ತಿಳಿದು ಹಾಗಾಯಿತೋ ಏನೋ.

ಬಸವಲಿಂಗಪ್ಪ ತಾಯಿಯ ಬಟ್ಟೆಯನ್ನು ಮಡಿಚಿ ಅಜ್ಜಿಯ ಕೈಗಿಟ್ಟು ನನ್ನ ಕಡೆ ತಿರುಗಿದ. ದನಿ ಬೇರೆಯಾಗಿತ್ತು. "ಹಾಲೇಶ, ಖರೇ ಹೇಳು. ನಿನಗೆ ನಿಜವಾಗ್ಲೂ ಭಯ ಆಗುತ್ತಾ?"

ಇಪ್ಪತ್ತು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಕಟ್ಟೆ ಕೊಟ್ಟಿದ್ದರು, ಕಾದಿದ್ದರು, ಪಾಪ ಅಂದಿದ್ದರು. ಇದನ್ನು ಕೇಳಿರಲಿಲ್ಲ. ನಾನು ಹೇಳಿದೆ. ಹೊತ್ತಿ ಉರಿಯುವ ಮನೆ, ಮುದುಕಿ, ಮಗು, ಎಮ್ಮೆ, ಎಲ್ಲ ಹೇಳಿದೆ. ಹೋಗಿ ನೋಡಿದಾಗ ಎರಡು ನಿಮಿಷ ಆರಾಮ, ಆಮೇಲೆ ಮತ್ತೆ ಮೊದಲಿಂದ. ಅವನು ಮಧ್ಯೆ ಬಾಯಿ ಹಾಕಲಿಲ್ಲ.

"ದಿನಾಲೂನಾ?" ಎಂದ ಕೊನೆಗೆ.

"ದಿನಾಲೂ."

"ನಾನು ಅವತ್ತು ಅಂಗಳದಾಗೆ ಅಂದಿದ್ದು ತಪ್ಪಾತು. ಬಟ್ಟೆ ನೋಡೋ ಮುಂಚೆ ನಿನ್ನ ಕೇಳಬೇಕಿತ್ತು" ಎಂದ. ಅಡಿಕೋಲನ್ನು ಬಗಲಿಗೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತುತ್ತ, "ಮದುವೆ ಬರೋ ತಿಂಗಳು ಇಟ್ಕಳಣ" ಎಂದು ಹೇಳಿದ, ಯಾರಿಗೆ ಎಂದು ನೋಡದೆ.

ಮದುವೆಗೆ ಮುಂಚಿನ ಆ ತಿಂಗಳಲ್ಲಿ ದಾಕ್ಷಾಯಿಣಿ ತನ್ನದೇ ಒಂದು ಪ್ರಯೋಗ ಹೂಡಿದಳು. ಅವಳು ವೈದ್ಯಳಲ್ಲ, ಕುತೂಹಲದ ಹೆಂಗಸು ಅಷ್ಟೇ. ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಒಲೆ ಆರಿಸಲು ನನಗೇ ಹೇಳುವಳು, ಒಂದೇ ಸಲ, ತಿರುಗಿ ನೋಡುವಂತಿಲ್ಲ. ಆಮೇಲೆ ಮಾರುಕಟ್ಟೆಯ ತನಕ ಇಬ್ಬರೂ ನಡೆದು ಹೋಗಿ ಹುಣಸೆ ಮರದ ಕೆಳಗೆ ಕೂರುವುದು. "ಭಯ ಬಂದ್ರೆ ಬರ್ಲಿ ಬಿಡ್ರಿ. ಎಷ್ಟು ಹೊತ್ತು ಕೂತಿರುತ್ತೆ ನೋಡಣ. ಅದಕ್ಕೂ ಬೇಜಾರಾಗಲ್ವಾ?" ಎನ್ನುವಳು. ಮೊದಲ ದಿನ ಹತ್ತು ನಿಮಿಷಕ್ಕೇ ಎದ್ದು ಓಡಿದೆ. ಅವಳು ಬೈಯಲಿಲ್ಲ, ಹಿಂದೆ ಓಡಿಬರಲೂ ಇಲ್ಲ. ಮಾರನೆಯ ದಿನ ಅಂಗಿ ಬೆನ್ನಿಗೆ ಅಂಟುವಷ್ಟು ಬೆವತು ಕೂತೇ ಇದ್ದೆ. ಅವಳು ಸೌತೆಕಾಯಿ ಹೆಚ್ಚಿಕೊಂಡು ಊರಿನ ಸುದ್ದಿ ಹೇಳುತ್ತಿದ್ದಳು. ಮುಕ್ಕಾಲು ಗಂಟೆಯ ಮೇಲೆ ನೋಡಿಕೊಂಡರೆ ನಾನು ಅವಳ ಮಾತಿಗೆ ನಗುತ್ತಿದ್ದೆ, ಭಯ ಯಾವಾಗ ಎದ್ದು ಹೋಯಿತೋ ತಿಳಿಯಲಿಲ್ಲ. ಇದರಿಂದ ನಾನು ಪೂರ್ತಿ ವಾಸಿಯಾದೆ ಎಂದರೆ ಸುಳ್ಳಾಗುತ್ತದೆ. ಕೆಲವು ದಿನ ಅದು ಗೆಲ್ಲುತ್ತಿತ್ತು, ಕೆಲವು ದಿನ ನಾವು. ನಾವು ಎಂಬ ಮಾತು ಬರೆಯುವಾಗ ಈಗಲೂ ಖುಷಿಯಾಗುತ್ತದೆ.

ಮದುವೆ ದೇವಸ್ಥಾನದ ಪಕ್ಕದ ಛತ್ರದಲ್ಲಿ ನಡೆಯಿತು. ಅಡುಗೆಗೆ ದಾಕ್ಷಾಯಿಣಿಯದೇ ಮೇಲ್ವಿಚಾರಣೆ, ಹೋಳಿಗೆಗೆ ಬೆಲ್ಲ ಹಾಕಿದ್ದೀರಾ ಎಂದು ಹಸೆಮಣೆಯಿಂದಲೇ ಕೂಗಿ ಕೇಳಿದಳು. ಬಸವಲಿಂಗಪ್ಪ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಪನ್ನೀರು ಎರಚುತ್ತಿದ್ದ, ತಿಪ್ಪಕ್ಕಜ್ಜಿಗೆ ಮಾತ್ರ ಎರಡು ಸಲ. ಪುರೋಹಿತರು ತಾಳಿ ಕೈಗೆ ಕೊಟ್ಟರು. ವಾದ್ಯದವರು ಜೋರು ಮಾಡಿದರು. ಮೊದಲ ಗಂಟು ಹಾಕಿದೆ, ಎರಡನೆಯದು ಹಾಕಿದೆ, ಮೂರನೆಯದು ಹಾಕಿದೆ. ಅಕ್ಷತೆ ತಲೆಯ ಮೇಲೆ ಬಿತ್ತು.

ಎಲ್ಲರೂ ಹೊಸ ಗಂಡ ಕೈ ತೆಗೆಯಲೆಂದು ಕಾಯುತ್ತಿದ್ದರು. ನನ್ನ ಬೆರಳುಗಳು ದಾರವನ್ನು ಬಿಡಲಿಲ್ಲ. ಮೂರನೆಯ ಗಂಟು ಬಿಗಿಯಾಗಿ ಬಿತ್ತೇ? ಬಿದ್ದಿದೆ. ಬಿತ್ತೇ? ಒಂದು ಸಲ ಬಿಚ್ಚಿ ನೋಡಿದರೆ ತಿಳಿಯುತ್ತಿತ್ತು. ತಾಳಿ ಬಿಚ್ಚುವ ಗಂಡನನ್ನು ನಮ್ಮೂರು ಕಂಡಿರಲಿಲ್ಲ, ಆದರೂ ನಾನು ಬಿಚ್ಚಿಬಿಡುತ್ತಿದ್ದೆನೇನೋ. ಗಂಟು ಸಡಿಲವಾಗಿದ್ದರೆ ಅವಳಿಗೆ ಏನೇನಾಗಬಹುದು ಎಂಬುದೆಲ್ಲ ಕಣ್ಣ ಮುಂದೆ ಸಾಲಾಗಿ ನಿಂತಿತ್ತು. ಬೆವರು ಹುಬ್ಬಿಗೆ ಇಳಿಯಿತು. ವಾದ್ಯದವರು ಬಾರಿಸಿ ಬಾರಿಸಿ ಸುಸ್ತಾಗಿ ಒಬ್ಬರ ಮುಖ ಒಬ್ಬರು ನೋಡಿದರು.

ದಾಕ್ಷಾಯಿಣಿ ತಲೆ ತಗ್ಗಿಸಿಕೊಂಡೇ, ನನಗೆ ಮಾತ್ರ ಕೇಳುವಂತೆ ಹೇಳಿದಳು: "ಬಿಗಿಯಾಗೈತೆ ಅಂತ ನಾನು ಹೇಳಲ್ಲ. ಹೇಳಿದ್ರೆ ನಾಳೆನೂ ಕೇಳ್ತೀರ. ಗೊತ್ತಿಲ್ದೆನೇ ಕೈ ಬಿಡ್ರಿ."

ಬಿಟ್ಟೆ.

ಈಗ ಹನ್ನೊಂದು ವರ್ಷವಾಯಿತು. ಆ ಮೂರನೆಯ ಗಂಟು ಸರಿಯಾಗಿ ಬಿದ್ದಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.